ಯಿರ್ಗಾ ಹೊಗಳದ ಪುಸ್ತಕ

ಯಿರ್ಗಾನಿಂದ ನನ್ನ ಕಾಫಿ ಅಂಗಡಿಗೆ ಬಿಡಿಗಾಸಿನ ಲಾಭವಿಲ್ಲ ಎಂದು ನಾನು ಅವನ ಎದುರಿಗೇ ಹೇಳಿದ್ದೇನೆ. ಅವನು ಬೇಜಾರು ಮಾಡಿಕೊಳ್ಳುವ ಪೈಕಿಯಲ್ಲ. ಬೆಳಿಗ್ಗೆ ಬಿಸಿಲು ಸ್ವಲ್ಪ ಏರಿದ ಮೇಲೆ ಅರಾತ್ ಕಿಲೊ ವೃತ್ತದ ಕಡೆಯಿಂದ ಬರುತ್ತಾನೆ. ಮೊದಲು ಕಾಣುವುದು ಅವನಲ್ಲ, ಪುಸ್ತಕಗಳು. ಎಡಗೈಯ ಅಂಗೈಯಿಂದ ಶುರುವಾದ ರಾಶಿ ಗದ್ದದವರೆಗೆ ಬಂದಿರುತ್ತದೆ. ಮೇಲಿನ ಪುಸ್ತಕವನ್ನು ಗದ್ದದಿಂದ ಒತ್ತಿ ಹಿಡಿದಿರುವುದರಿಂದ ಅವನು ನಮಸ್ಕಾರ ಹೇಳುವುದೂ ಹಲ್ಲು ಕಚ್ಚಿಕೊಂಡೇ. ಹೊಸಬರು ಇವನಿಗೇನೋ ಸಿಟ್ಟು ಬಂದಿದೆ ಎಂದುಕೊಳ್ಳುತ್ತಾರೆ.

ಹೀಗೆ ಪುಸ್ತಕ ಹೊತ್ತು ಕಾಫಿ ಅಂಗಡಿಯಿಂದ ಕಾಫಿ ಅಂಗಡಿಗೆ ತಿರುಗುವವರು ಅಡಿಸ್ ಅಬಾಬಾದಲ್ಲಿ ಬೇಕಾದಷ್ಟು ಜನ ಇದ್ದಾರೆ. ಉಳಿದವರು 'ಹೊಸದು, ಹೊಸದು' ಎಂದು ಪುಸ್ತಕದ ಹೆಸರು ಕೂಗಿ ಮುಂದಿನ ಮೇಜಿಗೆ ಹೋಗುತ್ತಾರೆ. ಯಿರ್ಗಾ ಕೂಗುವುದಿಲ್ಲ. ಮೇಜಿನ ಪಕ್ಕ ನಿಂತು ಒಂದೇ ಪ್ರಶ್ನೆ ಕೇಳುತ್ತಾನೆ: "ಇವತ್ತು ಯಾರ ಮೇಲೆ ಸಿಟ್ಟು ಬಂದಿದೆ?"

ಜನ ನಗುತ್ತಾರೆ, ಆಮೇಲೆ ಹೇಳುತ್ತಾರೆ. ಬ್ಯಾಂಕಿನ ಗುಮಾಸ್ತನೊಬ್ಬ ಅತ್ತೆಯ ಮೇಲೆ ಎಂದಾಗ ಯಿರ್ಗಾ ರಾಶಿಯ ನಡುವಿನಿಂದ ಜೇನುಹುಳುಗಳ ಬಗ್ಗೆ ಯಾರೋ ಕೃಷಿ ಅಧಿಕಾರಿ ಬರೆದ ಪುಸ್ತಕ ಎಳೆದ. "ರಾಣಿಹುಳದ ಅಧ್ಯಾಯ ಓದಿ. ಅತ್ತೆ ಯಾಕೆ ಹಾಗಾಡ್ತಾರೆ ಅಂತ ಗೊತ್ತಾಗುತ್ತೆ." ಆ ಗುಮಾಸ್ತ ಈಗ ಮನೆಯ ಹಿಂದೆ ಜೇನು ಸಾಕಿದ್ದಾನೆ. ಸರ್ಕಾರದ ಮೇಲೆ ಸಿಟ್ಟು ಎಂದವನಿಗೆ ಉಪ್ಪು ಹೊತ್ತ ಒಂಟೆಗಳ ಹಿಂದೆ ನಡೆಯುವವನೊಬ್ಬನ ಕಾದಂಬರಿ ಕೊಟ್ಟ. ಇದಕ್ಕೂ ಅದಕ್ಕೂ ಏನು ಸಂಬಂಧ ಎಂದರೆ, "ಆ ಮನುಷ್ಯನಿಗೆ ಸರ್ಕಾರ ಇದೆ ಅಂತಾನೇ ಗೊತ್ತಿಲ್ಲ. ಸ್ವಲ್ಪ ದಿನ ಅವನ ಜೊತೆ ನಡೀಲಿ" ಎಂದ. ನನ್ನನ್ನೂ ಒಂದು ಸಲ ಕೇಳಿದ್ದ. "ನಿನ್ನ ಮೇಲೇ" ಎಂದೆ. ಬಸ್ ನಿಲ್ದಾಣದಲ್ಲಿ ಊಟದ ಹೋಟೆಲು ನಡೆಸುವ ಹೆಂಗಸಿನ ಕತೆಯಿದ್ದ ತೆಳ್ಳನೆಯ ಕಾದಂಬರಿಯೊಂದನ್ನು ಕಟ್ಟೆಯ ಮೇಲಿಟ್ಟು ಹೋದ. ಅದನ್ನು ಓದುತ್ತ ನಿಂತಿದ್ದಾಗ ಹಾಲು ಉಕ್ಕಿ ಯಂತ್ರದ ಮೇಲೆಲ್ಲ ಹರಿಯಿತು. ಇದು ಅವನಿಂದ ಆದ ಲಾಭ.

ಇನ್ನೊಂದು ಪದ್ಧತಿ ಅವನದು. ಪುಸ್ತಕವನ್ನು ಮೇಜಿನ ಮೇಲಿಟ್ಟು ಹೊರಟುಬಿಡುತ್ತಾನೆ. ಅಕ್ಕಪಕ್ಕದ ಅಂಗಡಿಗಳನ್ನು ಸುತ್ತಿ ವಾಪಸು ಬಂದಾಗ ಓದುಗನ ಮುಖ ನೋಡುವುದಿಲ್ಲ, ಕಪ್ ನೋಡುತ್ತಾನೆ. ಕಪ್ ಖಾಲಿಯಾಗಿದ್ದರೆ ಸುಮ್ಮನೆ ಪುಸ್ತಕ ಎತ್ತಿಕೊಳ್ಳುತ್ತಾನೆ. ಕಾಫಿ ಆರಿ ಕೆನೆಗಟ್ಟಿದ್ದರೆ ಪುಸ್ತಕ ಮಾರಾಟವಾದ ಹಾಗೆ. ಆರಿದ ಕಾಫಿಗೆ ಬಯ್ಯಿಸಿಕೊಳ್ಳುವವಳು ಮಾತ್ರ ನಾನು.

ಅವನು ಗೊಜ್ಜಾಮಿನ ಕಡೆಯವನು. ಚಿಕ್ಕಂದಿನಲ್ಲಿ ಚರ್ಚಿನ ಪಾಠಶಾಲೆಗೆ ಹಾಕಿದ್ದರು. ಕುರಿಯ ಚರ್ಮ ಹೊದ್ದು, ಮನೆಮನೆಯ ಬಾಗಿಲಲ್ಲಿ ನಿಂತು ಭಿಕ್ಷೆಯ ಇಂಜೆರಾ ರೊಟ್ಟಿ ತಿಂದು, ಮರದ ಕೆಳಗೆ ಕೂತು ಕೀರ್ತನೆಗಳನ್ನು ಬಾಯಿಪಾಠ ಮಾಡುವ ಶಾಲೆ. ಒಂದಕ್ಷರ ತಪ್ಪು ಹೇಳಿದರೂ ಗುರುವಿನ ಬೆತ್ತ ಬೀಳುತ್ತಿತ್ತು. ಅಲ್ಲಿಂದ ಯಾಕೆ ಓಡಿ ಬಂದೆ ಎಂದು ಕೇಳಿದೆ. "ಅಲ್ಲಿರೋ ಪುಸ್ತಕಕ್ಕೆಲ್ಲ ಕೊನೆ ಏನು ಅಂತ ಮೊದಲೇ ಗೊತ್ತಿತ್ತು ಅಕ್ಕಾ" ಎಂದ. ಓಡಿ ಬಂದರೂ ಬೆತ್ತದ ಭಯ ಮಾತ್ರ ಉಳಿದುಕೊಂಡಿತ್ತು. ಪುಸ್ತಕ ಕೈಯಲ್ಲಿ ಹಿಡಿದು ಸುಳ್ಳು ಹೇಳಲು ಅವನಿಂದ ಆಗದು. ತಾನು ಓದದ ಪುಸ್ತಕವನ್ನು ಹೊಗಳುವುದಿಲ್ಲ; ಕೆಟ್ಟದ್ದಾದರೆ ಮುಲಾಜಿಲ್ಲದೆ ಹೇಳುತ್ತಾನೆ. "ಇದನ್ನ ಅರ್ಧ ಆದ್ಮೇಲೆ ಬರೆದವನೂ ಓದಿಲ್ಲ ಅನ್ಸುತ್ತೆ, ಬೇಡ ಬಿಡಿ" ಎಂದು ಕೈಗೆ ಬಂದ ಗಿರಾಕಿಯನ್ನು ಕಳೆದುಕೊಂಡದ್ದನ್ನು ನಾನೇ ನೋಡಿದ್ದೇನೆ. ಅದಕ್ಕೇ ಅವನು ಚೆನ್ನಾಗಿದೆ ಎಂದರೆ ಜನ ಕಣ್ಣು ಮುಚ್ಚಿ ಖರೀದಿಸುತ್ತಿದ್ದರು.

ಅವನ ಮಾತಿಗೂ ಮೇಲೆ ನನ್ನ ಅಂಗಡಿಯಲ್ಲಿ ಇನ್ನೊಂದು ಮಾತಿತ್ತು, ಗಾಶೆ ಲೆಮ್ಮಾ ಅವರದು. ಗಾಶೆ ಎಂದು ನಾವು ಹಿರಿಯರನ್ನು ಕರೆಯುತ್ತೇವೆ. ಅವರನ್ನು ಮುದುಕರೂ ಗಾಶೆ ಎನ್ನುತ್ತಿದ್ದರು. ಮುದ್ರಣಾಲಯದಲ್ಲಿ ಕರಡು ತಿದ್ದುತ್ತ ತಲೆ ನೆರೆದವರು, ಒಂಟಿ. ಮೂಲೆಯ ಮೇಜು ಅವರದೇ. ಹಾಲು ಬೆರೆಸಿದ ಒಂದು ಮಕಿಯಾಟೊ ಕಾಫಿ ತರಿಸಿಕೊಂಡು ಮಧ್ಯಾಹ್ನದವರೆಗೆ ಕೂರುವರು, ಬುಧವಾರ ಶುಕ್ರವಾರದ ಉಪವಾಸಕ್ಕೆ ಹಾಲಿಲ್ಲದ ಚಹಾ. ಓದಿದ ಪುಸ್ತಕವನ್ನು ಯಾರಾದರೂ ಅವರ ಮುಂದಿಟ್ಟು ಹೇಗಿದೆ ಎಂದರೆ 'ಓದಬಹುದು' ಎನ್ನುವರು. ಅದಕ್ಕಿಂತ ದೊಡ್ಡ ಹೊಗಳಿಕೆ ಅವರ ಬಾಯಲ್ಲಿ ಯಾರೂ ಕೇಳಿರಲಿಲ್ಲ.

ಯಾರ ಮೇಲೆ ಸಿಟ್ಟು ಎಂದು ಯಿರ್ಗಾ ಕೇಳಿದಾಗಲೆಲ್ಲ ಅವರದು ಒಂದೇ ಉತ್ತರ: "ಯಾರ ಮೇಲೂ ಇಲ್ಲಪ್ಪ."

"ಸಿಟ್ಟೇ ಬರದವರಿಗೆ ಪುಸ್ತಕ ಆರಿಸೋದು ಕಷ್ಟ ಅಕ್ಕಾ" ಎಂದು ಯಿರ್ಗಾ ನನ್ನ ಹತ್ತಿರ ಗೊಣಗುತ್ತಿದ್ದ. "ಒಂದಲ್ಲ ಒಂದು ದಿನ ಅವರಿಗೆ ಸಿಟ್ಟು ಬರಿಸ್ತೀನಿ, ನೋಡ್ತಿರಿ."

ಆ ವರ್ಷ ಮಳೆಗಾಲ ಮುಗಿದು, ಸೆಪ್ಟೆಂಬರಿನಲ್ಲಿ ಬರುವ ನಮ್ಮ ಹೊಸ ವರ್ಷದ ಹಳದಿ ಹೂವುಗಳು ಬೀದಿಗೆ ಬಂದಾಗ ಅವನ ರಾಶಿಯ ಮೇಲೊಂದು ಹಸಿರು ರಟ್ಟಿನ ಪುಸ್ತಕ ಬಂತು. ಅದನ್ನು ಓದಿ ಅವನು ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಪ್ರತಿ ಮೇಜಿಗೂ ಸಿಟ್ಟಿನ ಪ್ರಶ್ನೆ ಬಿಟ್ಟು ನೇರವಾಗಿ ಅದನ್ನೇ ಇಡತೊಡಗಿದ. ಗಾಶೆ ಲೆಮ್ಮಾ ಬಂದು ಕೂತದ್ದೇ ತಡ, ಅವರ ಮುಂದೆ ಹೋಗಿ ನಿಂತ. ನಾನು ಅವರ ಕಾಫಿ ಇಡುತ್ತಿದ್ದೆ, ಆದ್ದರಿಂದ ಎಲ್ಲ ಕೇಳಿಸಿತು.

"ಗಾಶೆ, ಇದನ್ನ ನೀವು ಓದ್ಲೇಬೇಕು. ಕತೆ ಅಲ್ಲ, ನಡೆದಿದ್ದು. ಬರೆದವರು ನರ್ಸ್ ಆಗಿದ್ದವರು, ಈಗ ದೆಸ್ಸಿಯೆಯಲ್ಲಿದ್ದಾರೆ. ಸೈನ್ಯದ ಆಳ್ವಿಕೆಯ ಆ ಕೆಟ್ಟ ವರ್ಷಗಳಲ್ಲಿ, ಹುಡುಗರನ್ನ ಹಿಡಿದು ಕೊಲ್ತಿದ್ದಾಗ, ತನ್ನ ತಮ್ಮನನ್ನ ಮನೆಯ ಅಟ್ಟದ ಮೇಲೆ ಬಚ್ಚಿಟ್ಟಿದ್ರಂತೆ. ಬಂದೂಕಿನವರು ಬಂದು ಯಾರಿದ್ದಾರೆ ಅಂತ ಕೇಳಿದ್ರು. ಗಂಡ, ಯಾರೂ ಇಲ್ಲ ಅಂದ. ಆದ್ರೆ ಹಾಗನ್ನುವಾಗ ಅವನ ಕಣ್ಣು ಒಂದ್ಸಲ ಅಟ್ಟದ ಕಡೆ ಹೋಯ್ತು. ಅಷ್ಟೇ. ಬಂದವನು ನೋಡ್ಬಿಟ್ಟ. ಹುಡುಗನ್ನ ಇಳಿಸಿಕೊಂಡು ಹೋದ್ರು, ಅವನು ವಾಪಸು ಬರ್ಲಿಲ್ಲ. ಈಕೆ ಒಂದು ವಾರಕ್ಕೆ ಗಂಡನ್ನ ಬಿಟ್ಟು ಹೋದ್ರು. ಆ ಗಂಡನ ಮೇಲೆ ನಿಮಗೆ ಸಿಟ್ಟು ಬರದೇ ಇದ್ರೆ ನನ್ನ ಹೆಸರು ಯಿರ್ಗಾ ಅಲ್ಲ."

"ಬರೆದವರು ಯಾರು ಅಂದೆ?" ಎಂದರು ಗಾಶೆ.

"ಎಲ್ಫಿನೆಶ್ ಗೊಬೆನಾ."

"ಇಟ್ಟು ಹೋಗು."

ಯಿರ್ಗಾ ಸುತ್ತು ಮುಗಿಸಿ ಬಂದು ನೋಡಿದರೆ ಕಾಫಿ ತುಂಬಿದ ಹಾಗೇ ಇತ್ತು, ಕೆನೆಗಟ್ಟಿತ್ತು. ನನ್ನ ಕಡೆ ನೋಡಿ ನಕ್ಕ. ಆಮೇಲೆ ಕುರ್ಚಿಯೂ ಖಾಲಿ ಇದೆ ಎಂದು ಗಮನಿಸಿದ. ಗಾಶೆಯೂ ಇರಲಿಲ್ಲ, ಪುಸ್ತಕವೂ ಇರಲಿಲ್ಲ. ಯಾವತ್ತೂ ಹಾಗೆ ಹೇಳದೆ ಕೇಳದೆ ಎದ್ದು ಹೋದವರಲ್ಲ. ಮೈ ಹುಷಾರಿಲ್ಲವೇನೋ ಎಂದುಕೊಂಡೆ.

ಅವರು ಬಾರದೆ ಇದ್ದ ದಿನಗಳಲ್ಲಿ ಹಸಿರು ಪುಸ್ತಕ ಅಂಗಡಿಯ ತುಂಬ ಹರಡಿತು. ಎಲ್ಲ ಮೇಜುಗಳಲ್ಲೂ ಅದೇ ಮಾತು. ಪುಸ್ತಕದಲ್ಲಿ ಆ ಗಂಡನಿಗೆ ಹೆಸರೇ ಇಲ್ಲ, ಬರೀ 'ನನ್ನ ಗಂಡ'. ನಮ್ಮವರು ಅವನಿಗೆ 'ಕಣ್ಣಿನವನು' ಎಂದು ಹೆಸರಿಟ್ಟರು. ಬೇಕೆಂದೇ ನೋಡಿದ ಎಂದು ಕೆಲವರು, ಭಯಕ್ಕೆ ಕಣ್ಣು ತಾನಾಗಿ ಹೋಯಿತು ಎಂದು ಕೆಲವರು. ಜೇನಿನ ಗುಮಾಸ್ತ ಮಾತ್ರ, "ಅವನು ನನ್ನ ಕೈಗೆ ಸಿಕ್ಕರೆ ಆ ಕಣ್ಣನ್ನೇ ಕಿತ್ತು ಕೊಡ್ತೀನಿ" ಎನ್ನುತ್ತಿದ್ದ. ಅವನ ಚಿಕ್ಕಪ್ಪನೊಬ್ಬ ಆ ವರ್ಷಗಳಲ್ಲಿ ಹೋದವನು.

ಒಂದು ಶುಕ್ರವಾರ ಗಾಶೆ ಬಂದರು. ಗಡ್ಡ ಬೆಳೆದಿತ್ತು. ಪುಸ್ತಕವನ್ನು ಪತ್ರಿಕೆಯಲ್ಲಿ ಸುತ್ತಿ ತಂದಿದ್ದರು. ಯಿರ್ಗಾನನ್ನು ಕರೆದರು. ಚಹಾ ತಂದ ನನ್ನನ್ನು ಹೋಗು ಎನ್ನಲಿಲ್ಲ.

"ಎಲ್ಫಿನೆಶ್ ನನ್ನ ಹೆಂಡತಿ ಆಗಿದ್ಲು" ಎಂದರು. "ಇದರಲ್ಲಿರೋ ಗಂಡ ನಾನು."

ಯಿರ್ಗಾ ಪುಸ್ತಕದ ರಾಶಿಯನ್ನು ಹಾಗೇ ಮೇಜಿನ ಮೇಲೆ ಇಳಿಸಿದ. ಅವನು ಇಡೀ ರಾಶಿ ಕೆಳಗಿಟ್ಟದ್ದನ್ನು ನಾನು ಅದೇ ಮೊದಲು ನೋಡಿದ್ದು. "ನನಗೆ ಗೊತ್ತಿರ್ಲಿಲ್ಲ ಗಾಶೆ" ಎಂದ.

"ಹೇಗೆ ಗೊತ್ತಿರುತ್ತೆ? ಅವಳ ಹೆಸರು ಅವಳದು, ಅವಳಪ್ಪನದು. ಅದರಲ್ಲಿ ನಾನೆಲ್ಲಿದ್ದೀನಿ?"

ಅದು ನಿಜವೇ. ನಮ್ಮಲ್ಲಿ ಮದುವೆಯಾದ ಹೆಣ್ಣಿಗೆ ಗಂಡನ ಹೆಸರು ಅಂಟುವುದಿಲ್ಲ. ತನ್ನ ಹೆಸರು, ಹಿಂದೆ ತಂದೆಯ ಹೆಸರು, ಸಾಯುವವರೆಗೆ ಅಷ್ಟೆ. ಪುಸ್ತಕದ ಮೇಲಿನ ಹೆಸರು ನೋಡಿ ಯಾರ ಹೆಂಡತಿ ಎಂದು ಊಹಿಸಲು ದಾರಿಯೇ ಇಲ್ಲ. ಊರೆಲ್ಲ ಬಿಟ್ಟು ಆ ಪುಸ್ತಕವನ್ನು ಅವರ ಮುಂದೆಯೇ ಇಟ್ಟು, ನಿಮಗೆ ಸಿಟ್ಟು ಬರಿಸುತ್ತೇನೆ ಎಂದು ಪಣ ತೊಟ್ಟಿದ್ದ ಯಿರ್ಗಾ ಈಗ ತನ್ನ ಕೈಯನ್ನೇ ನೋಡುತ್ತ ನಿಂತಿದ್ದ.

"ಒಂದು ಕೇಳ್ತೀನಿ" ಎಂದರು ಗಾಶೆ. "ಊರೆಲ್ಲ ಮಾರು, ಬೇಡ ಅನ್ನಲ್ಲ. ಇಲ್ಲಿ ಮಾತ್ರ ಇನ್ನು ಅದರ ಮಾತು ಎತ್ತಬೇಡ. ನಿನ್ನ ಮಾತು ನಿಂತ್ರೆ ಇವರೂ ಮರೀತಾರೆ. ನನಗೆ ಹೋಗಿ ಕೂರೋಕೆ ಅಂತ ಇರೋದು ಇದೊಂದೇ ಜಾಗ."

"ಆಯ್ತು ಗಾಶೆ."

ಆ ಗಳಿಗೆಯಲ್ಲಿ ನನಗೆ ಅವರ ಮೇಲೆ ಕನಿಕರ ಬರಲಿಲ್ಲ. ನಮ್ಮ ಬೀದಿಯಿಂದಲೂ ಹುಡುಗರನ್ನು ಎಳೆದುಕೊಂಡು ಹೋಗಿದ್ದರು. ಅವರ ತಾಯಂದಿರು ಎಷ್ಟೋ ವರ್ಷ ಬಾಗಿಲಿಗೆ ಅಗುಳಿ ಹಾಕದೆ ಮಲಗುತ್ತಿದ್ದದ್ದು ನನಗೆ ಗೊತ್ತು. ಚಹಾವನ್ನು ಬೇಕಾದ್ದಕ್ಕಿಂತ ಜೋರಾಗಿಯೇ ಮೇಜಿನ ಮೇಲೆ ಕುಕ್ಕಿದೆ. ಅವರು ಅದನ್ನು ಕುಡಿದರು, ಥ್ಯಾಂಕ್ಸ್ ಹೇಳಿದರು.

ಯಿರ್ಗಾ ಮಾತು ಉಳಿಸಿಕೊಂಡ. ಹಸಿರು ಪುಸ್ತಕ ರಾಶಿಯ ತಲೆಯಿಂದ ತಳಕ್ಕೆ ಹೋಯಿತು. ನನ್ನ ಅಂಗಡಿಯಲ್ಲಿ ಯಾರಾದರೂ ಕೇಳಿದರೆ ಮುಗಿದಿದೆ ಎನ್ನುತ್ತಿದ್ದ. ಹಾಗೆ ಹೇಳಿದ ದಿನ ಬೇರೆ ಪುಸ್ತಕವನ್ನೂ ಸರಿಯಾಗಿ ಹೊಗಳಲು ಅವನಿಗೆ ಬಾಯಿ ಬರುತ್ತಿರಲಿಲ್ಲ. ಯಾರ ಮೇಲೆ ಸಿಟ್ಟು ಎಂದು ಕೇಳುವುದನ್ನೂ ಬಿಟ್ಟ. ಏನಾಗಿದೆ ನಿನಗೆ ಎಂದು ನಾನೇ ಕೆಣಕಿದೆ.

"ಆಕೆ ಅಷ್ಟು ವರ್ಷ ಹೊಟ್ಟೆಯಲ್ಲಿಟ್ಕೊಂಡು ಬರೆದಿದ್ದು ಅಕ್ಕಾ. ನಾನು ಅದನ್ನ ಉಳಿದ ಪುಸ್ತಕದ ಅಡಿಗೆ ಹಾಕ್ಕೊಂಡು ತಿರುಗ್ತಿದ್ದೀನಿ. ಗಾಶೆಗೆ ಕೊಟ್ಟ ಮಾತನ್ನೂ ಬಿಡೋ ಹಾಗಿಲ್ಲ. ಏನು ಮಾಡ್ಲಿ ಹೇಳಿ."

ಮುಂದೆ ಹೋಗು, ದಾರಿಗೆ ಅಡ್ಡ ನಿಂತಿದ್ದೀಯ ಎಂದೆ.

ಸೆನಾಯಿತ್ ಎಂಬ ಹುಡುಗಿ ವಿಶ್ವವಿದ್ಯಾಲಯದಲ್ಲಿ ಕಾನೂನು ಓದುತ್ತಿದ್ದಳು. ಏನು ಕಂಡರೂ ಯಾಕೆ ಹೇಗೆ ಎಂದು ಬೆನ್ನು ಹತ್ತುವವಳು. ಒಂದು ಬೆಳಿಗ್ಗೆ, ಅಂಗಡಿ ತುಂಬಿದ್ದಾಗ, ಅವಳು ಯಿರ್ಗಾನನ್ನು ತಡೆದಳು.

"ಆ ಹಸಿರು ಪುಸ್ತಕ ಕೊಡಿ ಅಣ್ಣಾ."

"ಮುಗಿದಿದೆ."

"ಎಲ್ಲಿ ಮುಗಿದಿದೆ? ನಿಮ್ಮ ಅಂಗೈ ಮೇಲೇ ಇದೆಯಲ್ಲ, ಎಲ್ಲಕ್ಕಿಂತ ಕೆಳಗೆ. ಹಸಿರು ಬೆನ್ನು ಕಾಣ್ತಿದೆ."

ಯಿರ್ಗಾನ ಕಿವಿ ಕೆಂಪಾಯಿತು. ಮೂಲೆಯ ಮೇಜಿನಲ್ಲಿ ಗಾಶೆ ಪತ್ರಿಕೆ ಓದುತ್ತಿದ್ದರು. "ಅದು... ಅಷ್ಟೇನೂ ಚೆನ್ನಾಗಿಲ್ಲ ತಂಗಿ" ಎಂದ ಯಿರ್ಗಾ. "ಬರೀ ಗೋಳು. ಆಕೆಗೆ ಬರೆಯೋಕೂ ಬರಲ್ಲ. ಬೇರೆ ಕೊಡ್ತೀನಿ ಇರು."

ಪತ್ರಿಕೆ ಮಡಿಸುವ ಸದ್ದು ಕೇಳಿಸಿತು. ಗಾಶೆ ಅದನ್ನು ಮಡಿಸಿ, ಮತ್ತೆ ಮಡಿಸಿ, ಮೇಜಿನ ಮೇಲಿಟ್ಟರು.

"ಯಿರ್ಗಾ, ಅವಳಿಗೆ ಬರೆಯೋಕೆ ಬರಲ್ಲ ಅಂದ್ಯಾ?"

ಯಿರ್ಗಾ ಗದ್ದದಿಂದ ರಾಶಿಯನ್ನು ಇನ್ನಷ್ಟು ಒತ್ತಿ ಹಿಡಿದ.

"ಜೀವಮಾನವೆಲ್ಲ ಬೇರೆಯವರು ಬರೆದಿದ್ದನ್ನ ತಿದ್ದಿ ಅನ್ನ ತಿಂದವನು ನಾನು. ಆ ಪುಸ್ತಕದಲ್ಲಿ ತಿದ್ದೋಕೆ ಒಂದು ಸಾಲೂ ಸಿಗ್ಲಿಲ್ಲ." ಹುಡುಗಿಯ ಕಡೆ ತಿರುಗಿದರು. "ತಗೋ ಮಗಳೇ. ಒಳ್ಳೇ ಪುಸ್ತಕ."

'ಓದಬಹುದು' ಎನ್ನುವ ಬಾಯಲ್ಲಿ 'ಒಳ್ಳೇ ಪುಸ್ತಕ' ಬಂದದ್ದು ಕೇಳಿ ಅಕ್ಕಪಕ್ಕದವರು ತಲೆ ಎತ್ತಿದರು. ಸೆನಾಯಿತ್ ಅಷ್ಟಕ್ಕೆ ಬಿಡುವವಳಲ್ಲ.

"ಆದ್ರೆ ಗಾಶೆ, ಆ ಕಣ್ಣಿನ ವಿಷಯ ಆಕೆ ಕಟ್ಟಿದ್ದಿರಬೇಕು ಅಂತಾಳೆ ನನ್ನ ಗೆಳತಿ. ಬಂದೂಕು ಎದೆಗೆ ಹಿಡಿದಿರುವಾಗ ಗಂಡನ ಕಣ್ಣು ಎಲ್ಲಿ ಹೋಯ್ತು ಅಂತ ಯಾರು ನೋಡ್ತಾ ಇರ್ತಾರೆ? ಆಮೇಲೆ ದುಃಖದಲ್ಲಿ ಹಾಗನ್ನಿಸಿರುತ್ತೆ ಅಷ್ಟೇ."

ಪಾಪದ ಹುಡುಗಿ, ತನಗೇ ತಿಳಿಯದೆ ಅವರಿಗೆ ಬಾಗಿಲು ತೆರೆದು ಹಿಡಿದಿದ್ದಳು. ಇರಬಹುದಮ್ಮ ಎಂದರೆ ಮುಗಿಯುತ್ತಿತ್ತು. ಅನ್ನಲಿ ಎಂದು ನಾನೂ ಬಯಸಿದೆ, ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

"ಕಟ್ಟಿದ್ದಲ್ಲ" ಎಂದರು ಗಾಶೆ. "ಕಣ್ಣು ಹೋಗಿತ್ತು. ಆ ಗಂಡ ನಾನು."

ಯಂತ್ರದಲ್ಲಿ ಹಾಲು ಬುಸುಗುಟ್ಟುತ್ತಿತ್ತು. ನಾನು ಅದನ್ನು ಆರಿಸಿದೆ. ಆರಿಸಬಾರದಿತ್ತು, ಅಂಗಡಿ ಇನ್ನೂ ನಿಶ್ಶಬ್ದವಾಯಿತು.

ಆ ಪ್ರಶ್ನೆಯನ್ನು ಬೇರೆ ಯಾರೂ ಕೇಳುತ್ತಿರಲಿಲ್ಲ. ಸೆನಾಯಿತ್ ಕೇಳಿದಳು, ಮೆಲ್ಲಗೆ: "ಬೇಕು ಅಂತಾನೇ ನೋಡಿದ್ರಾ?"

"ಅದು ಪುಸ್ತಕದಲ್ಲಿಲ್ಲ. ಅವಳಿಗೆ ಗೊತ್ತಿರಲಿಲ್ಲ, ಅದಕ್ಕೇ ಅವಳು ಬರೀಲಿಲ್ಲ. ಗೊತ್ತಿಲ್ಲದ್ದನ್ನ ಬರೆಯೋಳಲ್ಲ ಅವಳು." ಗಾಶೆ ಮಡಿಸಿದ ಪತ್ರಿಕೆಯನ್ನು ಮೇಜಿನ ಅಂಚಿಗೆ ಸರಿಸಿದರು. "ನನಗೂ ಗೊತ್ತಿಲ್ಲ ಮಗಳೇ. ಆ ಹುಡುಗನ ಮೇಲೆ ನನಗೆ ಪ್ರೀತಿ ಇತ್ತು. ಅವನು ನಮ್ಮನೇಲಿ ಇದ್ದಾನೆ ಅಂತ ಸಾಯೋಷ್ಟು ಭಯವೂ ಇತ್ತು. ಯಾವುದು ನೋಡ್ತು ಅಂತ ಇವತ್ತಿಗೂ ಗೊತ್ತಿಲ್ಲ."

ಯಿರ್ಗಾ ಒಂದು ಕೈಯಲ್ಲಿ ರಾಶಿ ಎತ್ತಿ ಹಿಡಿದು, ತಳದಿಂದ ಹಸಿರು ಪುಸ್ತಕ ಎಳೆದು ಹುಡುಗಿಯ ಮುಂದಿಟ್ಟ. "ನಾನು ಸುಳ್ಳು ಹೇಳಿದೆ" ಎಂದ, ಎಲ್ಲರಿಗೂ ಕೇಳಿಸುವಂತೆ. "ಈ ವರ್ಷ ನಾನು ಹೊತ್ತಿದ್ದರಲ್ಲಿ ಇದಕ್ಕಿಂತ ಒಳ್ಳೇದು ಇಲ್ಲ."

ಜೇನಿನ ಗುಮಾಸ್ತ ಎದ್ದು ನಿಂತ. ಅವನು ಗಾಶೆಯ ಕಡೆ ಹೋಗಲಿಲ್ಲ. ಕಾಫಿಯನ್ನು ಅರ್ಧಕ್ಕೇ ಬಿಟ್ಟು ಹೊರಗೆ ನಡೆದ. ಇವತ್ತಿನವರೆಗೂ ಅವನು ನನ್ನ ಅಂಗಡಿಗೆ ಬಂದಿಲ್ಲ, ಎದುರಿನ ಸಾಲಿನ ಅಂಗಡಿಯಲ್ಲಿ ಕಾಫಿ ಕುಡಿಯುತ್ತಾನೆ. ಅವನದು ತಪ್ಪು ಎನ್ನಲು ನನ್ನಿಂದಾಗದು.

ಮರುದಿನ ಗಾಶೆ ಬರುವುದಿಲ್ಲ ಎಂದು ನಾನು ಯಿರ್ಗಾನಿಗೆ ಹೇಳಿದ್ದೆ. ಬಂದರು. ಒಳಗೆ ಕಾಲಿಡದೆ ಬಾಗಿಲಲ್ಲೇ ನಿಂತರು.

"ಕೂರಬಹುದಾ ಎತಾಗೆನ್?" ಎಂದು ನನ್ನ ಹೆಸರು ಹಿಡಿದು ಕೇಳಿದರು.

ಅಷ್ಟು ವರ್ಷಗಳಲ್ಲಿ ಅವರು ಆ ಮಾತು ಕೇಳಿದವರಲ್ಲ. ಅದಕ್ಕೇ ಬೈದೆ. "ಅಪ್ಪಣೆ ಬೇರೆ ಬೇಕಾ ನಿಮಗೆ? ಕೂತ್ಕೊಳ್ಳಿ. ಒಂದೇ ಕಾಫಿಗೆ ಮಧ್ಯಾಹ್ನ ಮಾಡಿದ್ರೆ ಮಾತ್ರ ಎಲ್ಲರಿಗೂ ಬಯ್ಯೋ ಹಾಗೆ ನಿಮಗೂ ಬಯ್ತೀನಿ."

ಅವತ್ತು ಎರಡು ಮೇಜಿನವರು ಅವರಿಗೆ ಬೆನ್ನು ಹಾಕಿ ಕೂತರು. ಸೆನಾಯಿತ್ ಹಸಿರು ಪುಸ್ತಕ ಹಿಡಿದುಕೊಂಡು ಬಂದು ಅವರ ಎದುರಿನ ಕುರ್ಚಿಯಲ್ಲಿ ಕೂತು ಓದಿದಳು. ಯಿರ್ಗಾ ಮೇಜಿನಿಂದ ಮೇಜಿಗೆ ಹೋಗಿ ಯಾರ ಮೇಲೆ ಸಿಟ್ಟು ಬಂದಿದೆ ಎಂದು ಕೇಳಿದ. ಮೂಲೆಯ ಮೇಜಿನ ಹತ್ತಿರ ನಿಂತ, ಆದರೆ ಕೇಳಲಿಲ್ಲ. ಗಾಶೆಯೇ ಹೇಳಿದರು: "ಇವತ್ತು ಇದೆ ಕಣಯ್ಯಾ ಸಿಟ್ಟು. ಒಂದು ಕತೆ ಪುಸ್ತಕ ಕೊಡು, ದಪ್ಪಗಿರೋದು."

ಕ್ರಿಸ್ಮಸ್ ಮುಗಿದು ಎಪಿಫನಿ ಹಬ್ಬವೂ ಕಳೆದು ಸ್ವಲ್ಪ ದಿನಕ್ಕೆ ಒಬ್ಬ ಹೊಸಬ ಬಂದ. ಒಳ್ಳೆಯ ಕೋಟು, ಹೆಗಲಿಗೆ ಕ್ಯಾಮರಾ, ಪತ್ರಿಕೆಯವನಿರಬೇಕು. ಗಾಶೆ ತಮ್ಮ ಮೂಲೆಯಲ್ಲೇ ಇದ್ದರು. ಯಿರ್ಗಾ ಹಸಿರು ಪುಸ್ತಕವನ್ನು ಅವನ ಮುಂದಿಟ್ಟು, ಮೊದಲ ಪುಟವನ್ನು ಬಾಯಿಪಾಠ ಹೇಳಿದ. ಹೊಸಬ ಪುಟ ತಿರುವುತ್ತ ಜೋರಾಗಿ ಕೇಳಿದ.

"ಈ ಪುಸ್ತಕದ ಗಂಡ ಬದುಕಿದ್ದಾನಂತಲ್ಲ? ಇಲ್ಲೇ ಈ ಕಡೆ ಯಾವುದೋ ಕಾಫಿ ಅಂಗಡಿಯಲ್ಲಿ ಬಂದು ಕೂರ್ತಾನೆ ಅಂತ ಕೇಳಿದೆ. ಯಾವನು ಅವನು?"

ಯಿರ್ಗಾನ ಕೈಯಲ್ಲಿ ಪುಸ್ತಕದ ರಾಶಿಯಿತ್ತು, ಸುಳ್ಳು ಹೇಳುವಂತಿರಲಿಲ್ಲ. "ಬದುಕಿದ್ದಾರೆ" ಎಂದ. "ಯಾರು ಅಂತ ನಾನು ಹೇಳಲ್ಲ ಸಾರ್. ನೀವು ಮೊದಲು ಓದಿ."

ಹೊಸಬ ತಲೆ ಎತ್ತಿ ನಮ್ಮೆಲ್ಲರ ಮುಖಗಳನ್ನು ಒಂದೊಂದಾಗಿ ನೋಡುತ್ತ ಬಂದ. ಯಿರ್ಗಾ ಹಸಿರು ರಟ್ಟನ್ನೇ ನೋಡುತ್ತಿದ್ದ. ಬೆನ್ನು ಹಾಕಿ ಕೂರುತ್ತಿದ್ದವರು ತಮ್ಮ ಕಪ್‌ಗಳನ್ನು ನೋಡುತ್ತಿದ್ದರು, ನಾನು ಹಾಲು ನೋಡುತ್ತಿದ್ದೆ. ಅಂಗಡಿಯಲ್ಲಿ ಅಷ್ಟು ಜನ ಇದ್ದೆವು. ಒಬ್ಬರ ಕಣ್ಣೂ ಮೂಲೆಯ ಮೇಜಿನ ಕಡೆ ಹೋಗಲಿಲ್ಲ.